ಅಯಸ್ಕಾಂತದ ಮಾತು ಕೇಳಿದ ಹರಳು

ಒಣಹವೆಯ ದಿನ ತಲೆ ಬಾಚಿದ ಹಣಿಗೆಯನ್ನು ಕಾಗದದ ಸಣ್ಣ ಚೂರುಗಳ ಬಳಿ ಹಿಡಿದರೆ ಚೂರುಗಳು ಪುಟಿದೆದ್ದು ಹಣಿಗೆಗೆ ಅಂಟಿಕೊಳ್ಳುತ್ತವೆ. ಅಯಸ್ಕಾಂತವನ್ನು ಗುಂಡುಸೂಜಿಗಳ ಬಳಿ ಹಿಡಿದರೆ ಅವೂ ಹಾಗೆಯೇ ಹಾರಿ ಬರುತ್ತವೆ. ನೋಡುವ ಮಗುವಿನ ಕಣ್ಣಿಗೆ ಎರಡೂ ಒಂದೇ ಬಗೆಯ ಸೋಜಿಗ. ಆದರೆ ಅದೇ ಮಗು ಅಯಸ್ಕಾಂತವನ್ನು ಕಾಗದದ ಚೂರುಗಳತ್ತ ಒಯ್ದರೆ ಅವು ಕದಲುವುದೇ ಇಲ್ಲ. ಹಣಿಗೆಯ ಸೆಳೆತ ವಿದ್ಯುತ್ತಿನದು. ಅಯಸ್ಕಾಂತದ ಸೆಳೆತ ಕಾಂತತ್ವದ್ದು. ಒಂದರ ಆಜ್ಞೆ ಇನ್ನೊಂದರ ಪ್ರಜೆಗಳ ಮೇಲೆ ನಡೆಯದು.

ಹಾಗೆಂದು ಇವೆರಡೂ ಸಂಬಂಧವಿಲ್ಲದ ಶಕ್ತಿಗಳೆಂದಲ್ಲ. ೧೮೨೦ರಲ್ಲಿ ಕೋಪನ್‌ಹೇಗನ್ ನಗರದ ಪ್ರಾಧ್ಯಾಪಕ ಅರ್ಸ್ಟೆಡ್ ಒಂದು ತಂತಿಯಲ್ಲಿ ವಿದ್ಯುತ್ತನ್ನು ಹರಿಯಿಸಿದಾಗ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಓರೆಯಾಯಿತು. ೧೮೩೧ರಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆ ಅದಕ್ಕೆ ತಿರುಗುಮುರುಗಾದುದನ್ನು ಮಾಡಿ ತೋರಿಸಿದನು. ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿದಾಗ ವಿದ್ಯುತ್ತು ಹರಿಯಿತು. ಇಂದು ಶರಾವತಿಯ ನೀರಿನಿಂದ ಊರೂರಿಗೆ ಬೆಳಕು ಬರುತ್ತಿರುವುದು ಆ ಸಂಬಂಧದ ಬಲದಿಂದಲೇ. ಆದರೆ ಅದು ಚಲನೆಯ ಸಂಬಂಧ. ವಿದ್ಯುತ್ತು ಹರಿಯಬೇಕು, ಇಲ್ಲವೇ ಅಯಸ್ಕಾಂತ ಆಡಬೇಕು. ಎರಡೂ ಸುಮ್ಮನೆ ಕುಳಿತಾಗ ಒಂದರ ಇರವು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಸುಮ್ಮನೆ ಕುಳಿತ ಒಂದು ಹರಳಿನೊಳಗೆ ಈ ಎರಡು ಗುಣಗಳು ಪರಸ್ಪರ ಕೈಹಿಡಿದು ನಿಲ್ಲಬಲ್ಲವೇ? ಹೊರಗಿನಿಂದ ಒಂದು ಅಯಸ್ಕಾಂತವನ್ನು ತೋರಿಸಿದೊಡನೆಯೇ ಹರಳಿನ ವಿದ್ಯುತ್ತು ಅದರ ಮಾತು ಕೇಳಿ ದಿಕ್ಕು ಬದಲಿಸಬಲ್ಲದೇ? ನೂರು ವರ್ಷಗಳಿಗೂ ಮೀರಿ ಭೌತವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದು. ೨೦೦೩ರಲ್ಲಿ ಒಂದು ಹರಳು ‘ಹೌದು’ ಎಂದಿತು.

ಎರಡು ಗುಣ, ಎರಡು ಮನೆತನ

ಕಬ್ಬಿಣದ ಪ್ರತಿಯೊಂದು ಪರಮಾಣುವೂ ಒಂದು ಪುಟ್ಟ ಕಾಂತಸೂಜಿಯಂತೆ ವರ್ತಿಸುತ್ತದೆ. ಅದರ ಎಲೆಕ್ಟ್ರಾನುಗಳಿಗೆ ಸ್ಪಿನ್ ಎಂಬ ಗುಣವಿರುವುದೇ ಇದಕ್ಕೆ ಕಾರಣ. ಈ ಸೂಜಿಗಳೆಲ್ಲ ಒಂದೇ ಕಡೆ ಮುಖಮಾಡಿ ನಿಂತಾಗ ಕಬ್ಬಿಣದ ತುಂಡು ಅಯಸ್ಕಾಂತವಾಗುತ್ತದೆ. ಕೆಲವು ವಸ್ತುಗಳಲ್ಲಿ ಒಂದು ಸೂಜಿ ಮೇಲಕ್ಕೆ, ಅದರ ಪಕ್ಕದ್ದು ಕೆಳಕ್ಕೆ, ಹೀಗೆ ಎದುರುಬದುರಾಗಿ ನಿಲ್ಲುವುದುಂಟು. ಆಗ ಒಳಗೆ ಶಿಸ್ತಿದ್ದರೂ ಹೊರಗೆ ಸೆಳೆತ ತೋರದು.

ವಿದ್ಯುತ್ತಿನಲ್ಲಿಯೂ ಇಂತಹುದೇ ಒಂದು ಶಿಸ್ತು ಉಂಟು. ಹರಳೆಂದರೆ ಧನ ವಿದ್ಯುತ್ತಿನ ಕಣಗಳೂ ಋಣ ವಿದ್ಯುತ್ತಿನ ಕಣಗಳೂ ಸಾಲುಗಟ್ಟಿ ನಿಂತ ಕಟ್ಟಡ. ಧನ ಕಣಗಳೆಲ್ಲ ತಮ್ಮ ನಡುಸ್ಥಾನದಿಂದ ಒಂದೇ ಕಡೆಗೆ ಕೂದಲೆಳೆಯಷ್ಟು ಜರುಗಿದರೂ ಸಾಕು, ಹರಳಿನ ಒಂದು ಮುಖ ಧನವಾಗಿ, ಎದುರು ಮುಖ ಋಣವಾಗಿ ನಿಲ್ಲುತ್ತದೆ. ಇದಕ್ಕೆ ವಿದ್ಯುತ್ ಧ್ರುವೀಕರಣವೆಂದು ಹೆಸರು. ಹೊರಗಿನ ಸಹಾಯವಿಲ್ಲದೆ ತಾನಾಗಿಯೇ ಧ್ರುವೀಕರಣವನ್ನು ಪಡೆದು, ವಿದ್ಯುತ್ ಒತ್ತಡಕ್ಕೆ ಮಣಿದು ದಿಕ್ಕನ್ನು ತಿರುಗಿಸಬಲ್ಲ ವಸ್ತುಗಳನ್ನು ಫೆರೋಎಲೆಕ್ಟ್ರಿಕ್ ಎನ್ನುತ್ತಾರೆ. ‘ಫೆರೋ’ ಎಂದರೆ ಕಬ್ಬಿಣ. ಇವುಗಳಲ್ಲಿ ಬಹುತೇಕ ವಸ್ತುಗಳೊಳಗೆ ಕಬ್ಬಿಣದ ಸುಳಿವೂ ಇಲ್ಲ. ನಡತೆಯಲ್ಲಿ ಕಬ್ಬಿಣವನ್ನು ಹೋಲುವುದರಿಂದ ಬಂದ ಹೆಸರು ಅದು. ೧೯೨೦ರಲ್ಲಿ ಅಮೆರಿಕದ ಜೋಸೆಫ್ ವಾಲಸೆಕ್ ರೋಷೆಲ್ ಉಪ್ಪೆಂಬ ಹರಳಿನಲ್ಲಿ ಈ ಗುಣವನ್ನು ಮೊದಲಿಗೆ ಕಂಡನು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೇರಿಯಂ ಟೈಟನೇಟ್ ಎಂಬ ಗಟ್ಟಿಮುಟ್ಟಾದ ಪಿಂಗಾಣಿಯಂತಹ ವಸ್ತುವಿನಲ್ಲಿಯೂ ಅದು ಕಂಡುಬಂದಿತು. ಅಡಿಗೆಮನೆಯ ಗ್ಯಾಸ್ ಒಲೆಯನ್ನು ಹೊತ್ತಿಸುವ ಲೈಟರಿನಲ್ಲಿ ಗುಂಡಿಯೊತ್ತಿದಾಗ ಕಿಡಿ ಹಾರಿಸುವುದೂ ಇದೇ ಮನೆತನದ ಒಂದು ವಸ್ತು.

ಕಾಂತ ಮನೆತನಕ್ಕೂ ವಿದ್ಯುತ್ ಮನೆತನಕ್ಕೂ ಇಷ್ಟೊಂದು ಹೋಲಿಕೆಯಿದ್ದರೂ ಅವು ನೆಂಟಸ್ತಿಕೆ ಬೆಳೆಸಿದ್ದು ಮಾತ್ರ ಅತಿ ವಿರಳ.

ಕ್ಯೂರಿಯ ಊಹೆ

ಈ ನೆಂಟಸ್ತಿಕೆ ಸಾಧ್ಯವೆಂದು ಮೊದಲು ಸೂಚಿಸಿದವನು ಫ್ರಾನ್ಸಿನ ಪಿಯೇರ್ ಕ್ಯೂರಿ. ಮೇರಿ ಕ್ಯೂರಿಯವರನ್ನು ಮದುವೆಯಾಗುವುದಕ್ಕೆ ಒಂದು ವರ್ಷ ಮೊದಲು, ೧೮೯೪ರಲ್ಲಿ, ಆತ ಹರಳುಗಳ ಸೌಷ್ಠವವನ್ನು ಕುರಿತು ಬರೆದ ಲೇಖನದಲ್ಲಿ ಈ ವಿಚಾರವಿದೆ. ಕೆಲವು ಹರಳುಗಳ ಕಟ್ಟಡದಲ್ಲಿ ವಿದ್ಯುತ್ತಿನಿಂದ ಕಾಂತತ್ವವೂ ಕಾಂತದಿಂದ ಧ್ರುವೀಕರಣವೂ ಹುಟ್ಟುವುದಕ್ಕೆ ಪ್ರಕೃತಿಯ ಅಡ್ಡಿಯಿಲ್ಲವೆಂದು ಆತ ತರ್ಕಿಸಿದನು. ೧೯೨೬ರಲ್ಲಿ ಪೀಟರ್ ಡಿಬೈ ಈ ಕಾಣದ ಪರಿಣಾಮಕ್ಕೆ ಮ್ಯಾಗ್ನೆಟೋಎಲೆಕ್ಟ್ರಿಕ್ ಎಂಬ ಹೆಸರನ್ನೂ ಇಟ್ಟನು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಸಿದ್ಧವಾಯಿತು. ಕೂಸು ಮಾತ್ರ ಬರಲಿಲ್ಲ.

ಏಕೆ ಬರಲಿಲ್ಲ? ಎರಡು ಗುಣಗಳ ಸ್ವಭಾವದಲ್ಲಿಯೇ ಒಂದು ಮೂಲಭೂತ ಭೇದವಿದೆ. ಕಾಂತತ್ವವೆಂದರೆ ಒಂದು ಬಗೆಯ ಸುತ್ತುವಿಕೆ. ಸುತ್ತುವ ವಸ್ತುವಿನ ಚಲಚ್ಚಿತ್ರ ತೆಗೆದು ಅದನ್ನು ಹಿಂದುಮುಂದಾಗಿ ಓಡಿಸಿದರೆ ಸುತ್ತು ತಿರುವಾಗುತ್ತದೆ, ಅದರೊಡನೆ ಕಾಂತದ ದಿಕ್ಕೂ ತಿರುಗುತ್ತದೆ. ಧ್ರುವೀಕರಣದಲ್ಲಿ ಯಾವುದೂ ಸುತ್ತುವುದಿಲ್ಲ. ಚಿತ್ರವನ್ನು ಹಿಂದಕ್ಕೆ ಓಡಿಸಿದರೂ ಅದು ಇದ್ದಂತೆಯೇ ಇರುತ್ತದೆ. ಹರಳಿನಲ್ಲಿ ಎಡವನ್ನು ಬಲಕ್ಕೂ ಮೇಲನ್ನು ಕೆಳಕ್ಕೂ ಮುಂದನ್ನು ಹಿಂದಕ್ಕೂ ಅದಲುಬದಲು ಮಾಡಿದರೆ ನಡೆಯುವುದು ಇದಕ್ಕೆ ವಿರುದ್ಧ. ಆಗ ಧ್ರುವೀಕರಣ ತಿರುಗುತ್ತದೆ, ಕಾಂತ ಕದಲುವುದಿಲ್ಲ. ಕಾಲದ ಅದಲುಬದಲು ಒಂದಕ್ಕೆ ತಟ್ಟುತ್ತದೆ, ದೇಶದ ಅದಲುಬದಲು ಇನ್ನೊಂದಕ್ಕೆ. ಒಂದು ಇನ್ನೊಂದರ ಮಾತು ಕೇಳಬೇಕಾದರೆ ಈ ಎರಡು ಬಗೆಯ ಸಮತೆಯನ್ನೂ ಕಳೆದುಕೊಂಡ ಅಪರೂಪದ ಹರಳೇ ಬೇಕು.

ಅಂತಹ ಹರಳನ್ನು ಬೊಟ್ಟುಮಾಡಿ ತೋರಿಸಿದವನು ರಷ್ಯದ ಸಿದ್ಧಾಂತಿ ಜ್ಯಾಲೋಶಿನ್ಸ್ಕಿ. ೧೯೫೯ರಲ್ಲಿ ಆತ ಕಾಗದದ ಮೇಲಿನ ಲೆಕ್ಕದಿಂದಲೇ ಕ್ರೋಮಿಯಂ ಆಕ್ಸೈಡಿನ ಹೆಸರು ಹೇಳಿದನು. ಬಣ್ಣಗಾರರು ಹಸಿರು ಬಣ್ಣಕ್ಕೆ ಬೆರೆಸುವ ಪುಡಿಯೇ ಅದು. ಮರುವರ್ಷ, ೧೯೬೦ರಲ್ಲಿ, ಆಸ್ತ್ರೋವ್ ಎಂಬ ರಷ್ಯದ ವಿಜ್ಞಾನಿ ಆ ಹರಳಿಗೆ ವಿದ್ಯುತ್ ಒತ್ತಡವನ್ನು ಕೊಟ್ಟು ಕಾಂತತ್ವ ಹುಟ್ಟುವುದನ್ನು ಅಳೆದನು. ೧೯೬೧ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ರಾಡೊ ಮತ್ತು ಫೋಲೆನ್ ತಿರುಗುಮುರುಗಿನ ಪ್ರಯೋಗ ನಡೆಸಿ, ಕಾಂತಕ್ಷೇತ್ರದಿಂದ ಧ್ರುವೀಕರಣ ಹುಟ್ಟುವುದನ್ನೂ ತೋರಿಸಿದರು. ಕ್ಯೂರಿಯ ಊಹೆ ಅರುವತ್ತಾರು ವರ್ಷಗಳ ಬಳಿಕ ನಿಜವಾಯಿತು.

ಆದರೆ ಗೆಲುವು ಅರೆಗೆಲುವು. ಕ್ರೋಮಿಯಂ ಆಕ್ಸೈಡಿಗೆ ಸ್ವಂತದ ಧ್ರುವೀಕರಣವಿಲ್ಲ. ಅಯಸ್ಕಾಂತ ಎದುರಿಗಿರುವಷ್ಟು ಹೊತ್ತು ಒಂದಿಷ್ಟು ತೋರಿ, ಅದನ್ನು ತೆಗೆದೊಡನೆ ಎಲ್ಲವನ್ನೂ ಮರೆತುಬಿಡುತ್ತದೆ. ಪರಿಣಾಮವೂ ಬಲು ಸಣ್ಣದು. ಸಾಲದುದಕ್ಕೆ ಉಷ್ಣತೆ ೩೪ ಸೆಂಟಿಗ್ರೇಡ್ ದಾಟಿದರೆ ಅದರೊಳಗಿನ ಕಾಂತಶಿಸ್ತು ಒಡೆದುಹೋಗುತ್ತದೆ. ಬೇಸಿಗೆಯ ಒಂದು ಮಧ್ಯಾಹ್ನ ಸಾಕು, ಗುಟ್ಟೆಲ್ಲ ಕರಗಿಹೋಗಲು.

ಕೂಡಿ ಬಾಳದ ಜೋಡಿ

ತನ್ನದೇ ಧ್ರುವೀಕರಣವನ್ನೂ ತನ್ನದೇ ಕಾಂತಶಿಸ್ತನ್ನೂ ಒಟ್ಟಿಗೆ ಹೊತ್ತ ವಸ್ತು ಬೇಕಾಗಿತ್ತು. ೧೯೬೬ರಲ್ಲಿ ಜಿನೀವಾದಲ್ಲಿ ಹಾನ್ಸ್ ಶ್ಮಿಡ್ ಮತ್ತು ಸಂಗಡಿಗರು ನಿಕ್ಕಲ್, ಅಯೋಡಿನ್, ಬೋರಾನ್ ಮತ್ತು ಆಮ್ಲಜನಕ ಸೇರಿದ ಬೋರಸೈಟ್ ಎಂಬ ಹರಳಿನಲ್ಲಿ ಎರಡನ್ನೂ ಒಟ್ಟಿಗೆ ಕಂಡರು. ಕಾಂತಕ್ಷೇತ್ರವನ್ನು ತಿರುಗಿಸಿದಾಗ ಅದರ ಧ್ರುವೀಕರಣವೂ ತಿರುಗುತ್ತಿತ್ತು. ಆದರೆ ಇದೆಲ್ಲ ನಡೆಯುತ್ತಿದ್ದುದು ಸುಮಾರು ೬೦ ಕೆಲ್ವಿನ್, ಎಂದರೆ ಸೊನ್ನೆಗಿಂತ ೨೧೩ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿ. ಹರಳಿನ ರಚನೆಯೂ ಬಹಳ ಜಟಿಲ. ಅದರಿಂದ ಮುಂದಕ್ಕೆ ದಾರಿ ಕಾಣಲಿಲ್ಲ. ಒಂದಕ್ಕಿಂತ ಹೆಚ್ಚು ಬಗೆಯ ಇಂತಹ ಶಿಸ್ತುಗಳನ್ನು ಒಡಲಲ್ಲಿ ಹೊತ್ತ ವಸ್ತುಗಳಿಗೆ ‘ಮಲ್ಟಿಫೆರೋಯಿಕ್’ ಎಂಬ ಹೆಸರನ್ನು ಶ್ಮಿಡ್ ಅವರೇ ೧೯೯೪ರಲ್ಲಿ ಬಳಕೆಗೆ ತಂದರು. ಅಷ್ಟು ಹೊತ್ತಿಗೆ ಈ ಹೊಲದಲ್ಲಿ ಉಳುವವರ ಸಂಖ್ಯೆ ಬೆರಳೆಣಿಕೆಗೆ ಇಳಿದಿತ್ತು.

ಇಂತಹ ವಸ್ತುಗಳು ಇಷ್ಟು ವಿರಳವೇಕೆ? ಈ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ೨೦೦೦ದಲ್ಲಿ ಲೇಖನ ಬರೆದವರು, ಅಂದು ಕ್ಯಾಲಿಫೋರ್ನಿಯದಲ್ಲಿದ್ದ ನಿಕೋಲಾ ಹಿಲ್. ಮುಂದೆ ನಿಕೋಲಾ ಸ್ಪಾಲ್ಡಿನ್ ಎಂದು ಪ್ರಸಿದ್ಧರಾದವರು ಅವರೇ. ಅವರು ಕೊಟ್ಟ ಉತ್ತರವನ್ನು ಬಾಡಿಗೆಮನೆಯ ಹೋಲಿಕೆಯಿಂದ ತಿಳಿಯಬಹುದು. ಬೇರಿಯಂ ಟೈಟನೇಟಿನಲ್ಲಿ ಟೈಟೇನಿಯಂ ಪರಮಾಣುವಿನ ಹೊರಕೋಣೆಗಳು ಖಾಲಿಯಾಗಿರುತ್ತವೆ. ಪಕ್ಕದ ಆಮ್ಲಜನಕ ಆ ಖಾಲಿ ಕೋಣೆಗಳಿಗೆ ತನ್ನ ಎಲೆಕ್ಟ್ರಾನುಗಳನ್ನು ಚಾಚುತ್ತದೆ. ಆ ಸ್ನೇಹದ ಸೆಳೆತಕ್ಕೆ ಟೈಟೇನಿಯಂ ನಡುಸ್ಥಾನ ಬಿಟ್ಟು ಒಂದು ಬದಿಗೆ ಜರುಗುತ್ತದೆ. ಧ್ರುವೀಕರಣ ಹುಟ್ಟುವುದು ಹೀಗೆ. ಕಾಂತತ್ವಕ್ಕಾದರೋ ಅದೇ ಕೋಣೆಗಳಲ್ಲಿ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನುಗಳು ಒಕ್ಕಲಿರಬೇಕು. ಕೋಣೆ ಖಾಲಿಯಿದ್ದರೆ ಕಾಂತವಿಲ್ಲ. ಒಕ್ಕಲು ಬಂದರೆ ಸ್ನೇಹದ ಸೆಳೆತ ಕುಂದುತ್ತದೆ. ಒಂದೇ ಪರಮಾಣುವಿನಿಂದ ಎರಡೂ ಕೆಲಸವನ್ನು ಮಾಡಿಸುವುದು ಕಷ್ಟವೆಂಬುದು ಇದರಿಂದ ಸ್ಪಷ್ಟವಾಯಿತು.

ರೋಗದ ಮೂಲ ತಿಳಿದರೆ ಮದ್ದಿನ ದಾರಿಯೂ ತೋರುತ್ತದೆ. ಮೂರು ವರ್ಷ ತುಂಬುವುದರೊಳಗೆ ಎರಡು ಬೇರೆಬೇರೆ ದಾರಿಗಳು ತೆರೆದವು.

ಟೋಕಿಯೊದ ಹರಳು

ಮೊದಲನೆಯ ದಾರಿ ತೆರೆದುದು ಜಪಾನಿನಲ್ಲಿ. ಟೋಕಿಯೊ ವಿಶ್ವವಿದ್ಯಾಲಯದ ಯೋಶಿನೋರಿ ಟೊಕುರ ಅವರ ಬಳಗದಲ್ಲಿ ತ್ಸುಯೋಶಿ ಕಿಮುರ ಮತ್ತು ಜೊತೆಗಾರರು ಟರ್ಬಿಯಂ ಮ್ಯಾಂಗನೈಟ್ ಎಂಬ ವಸ್ತುವನ್ನು ಕೈಗೆತ್ತಿಕೊಂಡರು. ಟರ್ಬಿಯಂ, ಮ್ಯಾಂಗನೀಸ್, ಆಮ್ಲಜನಕ ಈ ಮೂರೇ ಅದರ ಸಾಮಗ್ರಿ. ವಸ್ತು ಹೊಸದೇನೂ ಅಲ್ಲ. ನ್ಯೂಟ್ರಾನುಗಳನ್ನು ಹಾಯಿಸಿ ಅದರ ಕಾಂತಸೂಜಿಗಳ ಜೋಡಣೆಯನ್ನು ಪರಿಶೀಲಿಸಿದ ವರದಿ ೧೯೭೭ರಲ್ಲಿಯೇ ಹೊರಬಂದಿತ್ತು. ಆದರೆ ಅದರೊಳಗೆ ಅಡಗಿದ್ದ ವಿದ್ಯುತ್ತು ಮುಂದಿನ ಇಪ್ಪತ್ತಾರು ವರ್ಷ ಯಾರ ಗಮನಕ್ಕೂ ಬರಲಿಲ್ಲ.

ಪುಡಿಯನ್ನು ಒತ್ತಿ ಮಾಡಿದ ಕಡ್ಡಿಯ ಒಂದು ಸಣ್ಣ ಭಾಗವನ್ನು ಮಾತ್ರ ಕರಗಿಸಿ, ಆ ಕರಗಿದ ಭಾಗವನ್ನು ಮೆಲ್ಲಮೆಲ್ಲನೆ ಕಡ್ಡಿಯುದ್ದಕ್ಕೂ ಸರಿಸುತ್ತ ಹೋದರೆ ಹಿಂದುಗಡೆ ಶುದ್ಧವಾದ ಹರಳು ಬೆಳೆಯುತ್ತದೆ. ಹೀಗೆ ಬೆಳೆಸಿದ ಹರಳನ್ನು ತೆಳುವಾಗಿ ಕೊಯ್ದು, ಎರಡು ಮುಖಗಳಿಗೂ ತಂತಿ ಜೋಡಿಸಿ, ಕೊರೆಯುವ ಚಳಿಗೆ ಇಳಿಸಿದರು. ೪೧ ಕೆಲ್ವಿನ್‌ನಲ್ಲಿ ಮ್ಯಾಂಗನೀಸಿನ ಕಾಂತಸೂಜಿಗಳು ಒಂದು ಬಗೆಯ ಶಿಸ್ತಿಗೆ ಬಂದವು. ವಿದ್ಯುತ್ ಮಾಪಕ ಆಗಲೂ ಸುಮ್ಮನಿತ್ತು. ಉಷ್ಣತೆ ಸುಮಾರು ೨೭ ಕೆಲ್ವಿನ್‌ಗೆ, ಎಂದರೆ ಸೊನ್ನೆಗಿಂತ ೨೪೬ ಸೆಂಟಿಗ್ರೇಡ್ ಕೆಳಕ್ಕೆ ಇಳಿದಾಗ ಹರಳಿನಲ್ಲಿ ಧ್ರುವೀಕರಣ ತಲೆಯೆತ್ತಿತು. ಹರಳಿನ ಮೂರು ಅಕ್ಷಗಳ ಪೈಕಿ ಅದು ನಿಂತದ್ದು ನೆಟ್ಟನೆಯ ಅಕ್ಷದ ಗುಂಟ.

ಬಳಿಕ ಅಯಸ್ಕಾಂತದ ಸರದಿ. ಅಡ್ಡಲಾದ ಒಂದು ಅಕ್ಷದ ಗುಂಟ ಕಾಂತಕ್ಷೇತ್ರವನ್ನು ಏರಿಸುತ್ತ ಹೋದರು. ಸುಮಾರು ೫ ಟೆಸ್ಲಾ ಮುಟ್ಟಿದಾಗ, ಎಂದರೆ ಭೂಮಿಯ ಕಾಂತಕ್ಷೇತ್ರದ ಒಂದು ಲಕ್ಷ ಪಟ್ಟಿನಷ್ಟಾದಾಗ, ನೆಟ್ಟನೆ ನಿಂತಿದ್ದ ಧ್ರುವೀಕರಣ ಮಾಯವಾಯಿತು. ಅದೇ ವೇಳೆಗೆ ಮಗ್ಗುಲಿನ ಅಕ್ಷದ ಗುಂಟ ಹೊಸ ಧ್ರುವೀಕರಣ ಕಾಣಿಸಿಕೊಂಡಿತು. ನಿಂತವನು ಮಗ್ಗುಲಾಗಿ ಮಲಗಿದಂತೆ, ವಿದ್ಯುತ್ತು ತೊಂಬತ್ತು ಅಂಶ ಹೊರಳಿತ್ತು! ಅದನ್ನು ಹೊರಳಿಸಿದ್ದು ವಿದ್ಯುತ್ ಒತ್ತಡವಲ್ಲ, ಬರಿಯ ಅಯಸ್ಕಾಂತ. ೨೦೦೩ರ ನವೆಂಬರ್ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಯಿತು. ಮರುವರ್ಷ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಾಂಗ್-ವುಕ್ ಚಿಯಾಂಗ್ ಅವರ ಬಳಗ ಟರ್ಬಿಯಂ ಮತ್ತು ಮ್ಯಾಂಗನೀಸಿನ ಇನ್ನೊಂದು ಆಕ್ಸೈಡಿನಲ್ಲಿ ಕಾಂತಕ್ಷೇತ್ರವನ್ನು ಸೊನ್ನೆಗೂ ೨ ಟೆಸ್ಲಾಗೂ ನಡುವೆ ಏರಿಳಿಸಿ, ಪ್ರತಿಸಲವೂ ಧ್ರುವೀಕರಣವನ್ನು ತಲೆಕೆಳಗು ಮಾಡಿ ತೋರಿಸಿತು. ಬರಿದಾಗಿದ್ದ ಹೊಲಕ್ಕೆ ಜಗತ್ತಿನ ನಾಲ್ಕು ದಿಕ್ಕಿನಿಂದಲೂ ಜನ ಬಂದರು.

ಬಂಡಿಯ ಗಾಲಿ, ಬೀಸುವ ಕಲ್ಲು

ಬಾಡಿಗೆಮನೆಯ ತೊಡಕನ್ನು ಈ ಹರಳು ಹೇಗೆ ಬಿಡಿಸಿತು? ಅದು ಎರಡು ಗುಣಗಳನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಲಿಲ್ಲ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟುವಂತೆ ಮಾಡಿತು.

ಈ ಹರಳಿನಲ್ಲಿ ಪ್ರತಿಯೊಂದು ಮ್ಯಾಂಗನೀಸ್ ಸೂಜಿಗೂ ಎರಡು ಅಪ್ಪಣೆಗಳು ಬರುತ್ತವೆ. ಪಕ್ಕದ ಮನೆಯವನು ‘ನಾನು ನಿಂತ ಹಾಗೆಯೇ ನಿಲ್ಲು’ ಎನ್ನುತ್ತಾನೆ. ಅವನಾಚೆಯ ಮನೆಯವನು ‘ನನಗೆ ಬೆನ್ನು ಮಾಡಿ ನಿಲ್ಲು’ ಎನ್ನುತ್ತಾನೆ. ಎಲ್ಲರ ಮಾತನ್ನೂ ಪೂರ್ತಿಯಾಗಿ ನಡೆಸುವುದು ಅಸಾಧ್ಯ. ಕಡೆಗೆ ರಾಜಿಯಾಗುತ್ತದೆ. ಪ್ರತಿಯೊಂದು ಸೂಜಿಯೂ ಹಿಂದಿನದಕ್ಕಿಂತ ಒಂದಿಷ್ಟು ಓರೆಯಾಗಿ ನಿಲ್ಲುತ್ತದೆ, ಅದರ ಮುಂದಿನದು ಇನ್ನೊಂದಿಷ್ಟು ಓರೆ. ಸಾಲಿನುದ್ದಕ್ಕೂ ನಡೆದುಹೋಗುವವನಿಗೆ ಸೂಜಿಯು ಗಾಲಿಯ ಅರದಂತೆ ಹಂತಹಂತವಾಗಿ ತಿರುಗುತ್ತಿರುವಂತೆ ಕಾಣುತ್ತದೆ. ರಸ್ತೆಯ ಮೇಲೆ ಉರುಳುವ ಬಂಡಿಯ ಗಾಲಿಯನ್ನು ಗಳಿಗೆಗೊಂದರಂತೆ ಚಿತ್ರ ತೆಗೆದು ಸಾಲಾಗಿ ಇಟ್ಟ ಹಾಗೆ. ೨೦೦೫ರಲ್ಲಿ ಕೆನ್‌ಝೆಲ್‌ಮಾನ್ ಮತ್ತು ಸಂಗಡಿಗರು ನ್ಯೂಟ್ರಾನುಗಳ ನೆರವಿನಿಂದ ಈ ಸುರುಳಿ ಜೋಡಣೆಯನ್ನು ಖಚಿತಪಡಿಸಿದರು. ಸುರುಳಿ ಮೂಡುವುದೂ ಧ್ರುವೀಕರಣ ಹುಟ್ಟುವುದೂ ಒಂದೇ ಉಷ್ಣತೆಯಲ್ಲಿ!

ಸುರುಳಿಗೆ ಒಂದು ವಿಶೇಷವಿದೆ. ಮುಂದಕ್ಕೆ ಉರುಳುವ ಗಾಲಿಯೂ ಹಿಂದಕ್ಕೆ ಉರುಳುವ ಗಾಲಿಯೂ ಒಂದೇ ಅಲ್ಲ. ಹರಳಿನಲ್ಲಿ ಇಲ್ಲದಿದ್ದ ದಿಕ್ಕಿನ ಭೇದವೊಂದನ್ನು ಸುರುಳಿ ತಂದಿಡುತ್ತದೆ. ಹೋಶೊ ಕತ್ಸುರ, ನವೊತೊ ನಗವೊಸ, ಅಲೆಕ್ಸಾಂಡರ್ ಬಲಾಟ್ಸ್ಕಿ ಎಂಬ ಸಿದ್ಧಾಂತಿಗಳು ೨೦೦೫ರಲ್ಲಿ, ಮಾಕ್ಸಿಮ್ ಮೊಸ್ತೊವೊಯ್ ಮೊದಲಾದವರು ೨೦೦೬ರಲ್ಲಿ ಇದನ್ನು ವಿವರಿಸಿದರು. ಅಕ್ಕಪಕ್ಕದ ಎರಡು ಸೂಜಿಗಳು ಒಂದಕ್ಕೊಂದು ಓರೆಯಾಗಿ ನಿಂತಾಗ ಅವುಗಳ ನಡುವಣ ಎಲೆಕ್ಟ್ರಾನುಗಳೂ ಆಮ್ಲಜನಕವೂ ಒಂದು ಬದಿಗೆ ತಳ್ಳಲ್ಪಡುತ್ತವೆ. ಸಾಲಿನುದ್ದಕ್ಕೂ ಓರೆ ಒಂದೇ ಬಗೆಯದಾದುದರಿಂದ ತಳ್ಳುವಿಕೆಯೂ ಒಂದೇ ಕಡೆಗೆ. ಆ ಸಣ್ಣಪುಟ್ಟ ಜರುಗುವಿಕೆಗಳೆಲ್ಲ ಕೂಡಿ ಧ್ರುವೀಕರಣವಾಗುತ್ತದೆ. ಜರುಗುವಿಕೆ ಎಷ್ಟು ಸೂಕ್ಷ್ಮವೆಂದರೆ, ಅದು ಪರಮಾಣುವಿನ ಅಗಲದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ೨೦೧೧ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಪ್ರಬಲ ಎಕ್ಸ್-ಕಿರಣಗಳಿಂದ ವಿಜ್ಞಾನಿಗಳು ಅದನ್ನೂ ಅಳೆದರು.

ಇನ್ನು ಹೊರಳುವಿಕೆಯ ಗುಟ್ಟು. ಧ್ರುವೀಕರಣ ಯಾವಾಗಲೂ ಗಾಲಿಯ ಸಮತಲದೊಳಗೇ, ರಸ್ತೆಗೆ ಅಡ್ಡಲಾಗಿ ನಿಲ್ಲುತ್ತದೆ. ಗಾಲಿ ನೆಟ್ಟಗೆ ಉರುಳುವಾಗ ರಸ್ತೆಗೆ ಅಡ್ಡಲಾದ ದಿಕ್ಕೆಂದರೆ ಮೇಲೆ ಅಥವಾ ಕೆಳಗೆ. ಅಯಸ್ಕಾಂತ ಬಲವಾದಾಗ ಈ ಗಾಲಿ ಮಗ್ಗುಲಿಗೆ ಬೀಳುತ್ತದೆ. ಬಂಡಿಯ ಗಾಲಿಯಾಗಿದ್ದುದು ಬೀಸುವ ಕಲ್ಲಿನಂತೆ ಅಂಗಾತ ತಿರುಗುತ್ತದೆ. ಆಗ ಅದರ ಸಮತಲದಲ್ಲಿ ರಸ್ತೆಗೆ ಅಡ್ಡಲಾದ ದಿಕ್ಕು ಎಡ ಅಥವಾ ಬಲ. ಧ್ರುವೀಕರಣವೂ ಮೇಲಿನಿಂದ ಮಗ್ಗುಲಿಗೆ ಹೊರಳುತ್ತದೆ. ಹೊರಳದೆ ಅದಕ್ಕೆ ಗತ್ಯಂತರವಿಲ್ಲ, ಏಕೆಂದರೆ ಅದು ಸುರುಳಿಯ ಕೂಸು. ಈ ನಂಟು ಎರಡೂ ಕಡೆಗೆ ನಡೆಯುತ್ತದೆಂಬುದು ೨೦೦೭ರಲ್ಲಿ ತಿಳಿಯಿತು. ಹರಳಿಗೆ ವಿದ್ಯುತ್ ಒತ್ತಡವನ್ನು ಕೊಟ್ಟು ತಣಿಸಿದರೆ, ಒತ್ತಡದ ದಿಕ್ಕಿಗೆ ತಕ್ಕಂತೆ ಸುರುಳಿ ಬಲಕ್ಕೋ ಎಡಕ್ಕೋ ಸುತ್ತಿಕೊಳ್ಳುವುದನ್ನು ಜಪಾನಿನ ವಿಜ್ಞಾನಿಗಳು ನ್ಯೂಟ್ರಾನುಗಳ ಮೂಲಕ ಕಂಡರು.

ಬಲಶಾಲಿ ಮತ್ತು ವಿಧೇಯ

ಎರಡನೆಯ ದಾರಿ ಅದೇ ೨೦೦೩ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಯಿತು. ಅದನ್ನು ತೆರೆದ ರಾಮಮೂರ್ತಿ ರಮೇಶ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಲೋಹವಿಜ್ಞಾನವನ್ನು ಕಲಿತವರು. ಅವರ ತಂಡವು ನಿಕೋಲಾ ಸ್ಪಾಲ್ಡಿನ್ ಮೊದಲಾದವರೊಡನೆ ಕೂಡಿ ಬಿಸ್ಮತ್ ಫೆರೈಟ್ ಎಂಬ ವಸ್ತುವನ್ನು ಅತಿ ತೆಳುವಾದ ಪದರವಾಗಿ ಬೆಳೆಸಿತು. ಹಿಂದೆ ಗಟ್ಟಿ ಹರಳಿನಲ್ಲಿ ಅಳೆದಿದ್ದುದಕ್ಕಿಂತ ಸುಮಾರು ಹತ್ತುಪಟ್ಟು ಧ್ರುವೀಕರಣ ಅದರಲ್ಲಿ ದೊರೆಯಿತು. ಇಲ್ಲಿ ಬಾಡಿಗೆಮನೆಯ ತೊಡಕಿಗೆ ಕಂಡುಕೊಂಡ ಪರಿಹಾರ ಬೇರೆ. ಎರಡು ಗುಣಗಳಿಗೂ ಬೇರೆಬೇರೆ ಮನೆ ಕೊಟ್ಟರಾಯಿತು! ಕಾಂತತ್ವ ಕಬ್ಬಿಣದ ಪಾಲು, ಧ್ರುವೀಕರಣ ಬಿಸ್ಮತ್‌ನ ಪಾಲು. ಇದರ ಕಾಂತಶಿಸ್ತು ಸುಮಾರು ೩೭೦ ಸೆಂಟಿಗ್ರೇಡ್‌ವರೆಗೂ, ಧ್ರುವೀಕರಣ ಸುಮಾರು ೮೩೦ ಸೆಂಟಿಗ್ರೇಡ್‌ವರೆಗೂ ಉಳಿಯುತ್ತವೆ. ಕೊರೆಯುವ ಚಳಿಯ ಹಂಗೇ ಇಲ್ಲ.

ಹಾಗಾದರೆ ಟೋಕಿಯೊದ ಹರಳಿನಿಂದ ಏನು ಪ್ರಯೋಜನವೆಂದು ಕೇಳಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಈ ಶಾಸ್ತ್ರದ ನಿಜವಾದ ಇಕ್ಕಟ್ಟು ಕಾಣುತ್ತದೆ. ಬಿಸ್ಮತ್ ಫೆರೈಟಿನ ಧ್ರುವೀಕರಣ ಟರ್ಬಿಯಂ ಮ್ಯಾಂಗನೈಟಿನದಕ್ಕಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಆದರೆ ಅದರಲ್ಲಿ ಎರಡು ಗುಣಗಳೂ ಒಂದೇ ಛಾವಣಿಯ ಕೆಳಗಿನ ಎರಡು ಸಂಸಾರಗಳಂತೆ; ಅಯಸ್ಕಾಂತ ಕರೆದರೆ ಧ್ರುವೀಕರಣ ಸುಲಭವಾಗಿ ಓಗೊಡುವುದಿಲ್ಲ. ಟರ್ಬಿಯಂ ಮ್ಯಾಂಗನೈಟಿನಲ್ಲಿ ಧ್ರುವೀಕರಣ ಕಾಂತತ್ವದ ಕೂಸಾದುದರಿಂದ ಸಂಪೂರ್ಣ ವಿಧೇಯ, ಆದರೆ ಬಲಹೀನ. ಬೇರಿಯಂ ಟೈಟನೇಟಿನ ಮುನ್ನೂರರಲ್ಲಿ ಒಂದು ಪಾಲಿನಷ್ಟೇ ಅದರ ಶಕ್ತಿ. ಅದರ ಬಾಳೂ ಚಳಿಯಲ್ಲಿ ಮಾತ್ರ. ಈ ಚಳಿಯೂ ಆಕಸ್ಮಿಕವಲ್ಲ. ಸುರುಳಿ ಹುಟ್ಟುವುದೇ ನೆರೆಹೊರೆಯವರ ವ್ಯಾಜ್ಯದಿಂದ. ಎದುರುಬದುರು ಅಪ್ಪಣೆಗಳು ಒಂದನ್ನೊಂದು ಬಹುಮಟ್ಟಿಗೆ ಕಡಿದುಹಾಕಿದ ಮೇಲೆ ಉಳಿದ ಅಲ್ಪಸ್ವಲ್ಪ ಬಲದಿಂದ ಕಟ್ಟಿದ ರಾಜಿ ಅದು. ಸ್ವಲ್ಪ ಕಾವು ತಗಲಿದರೂ ಮುರಿದುಬೀಳುತ್ತದೆ. ವಿಧೇಯತೆಗೂ ದೌರ್ಬಲ್ಯಕ್ಕೂ ಕಾರಣ ಒಂದೇ ಎಂಬುದು ಈ ಹರಳಿನ ಪಾಡು.

ಇಷ್ಟೆಲ್ಲ ಹೆಣಗಾಟ ಏತಕ್ಕೆ?

ಇಂದಿನ ಲೆಕ್ಕಯಂತ್ರಗಳು ತಮ್ಮ ನೆನಪಿನ ಬಹುಭಾಗವನ್ನು ಕಾಂತದ ಗುರುತುಗಳಾಗಿಯೋ ವಿದ್ಯುದಾವೇಶಗಳಾಗಿಯೋ ಬರೆದಿಡುತ್ತವೆ. ಕಾಂತದ ಗುರುತು ಬಾಳಿಕೆಯದು. ದೀಪ ಆರಿದರೂ ಅಳಿಸುವುದಿಲ್ಲ. ಆದರೆ ಅದನ್ನು ಬರೆಯಲು ತಂತಿಯಲ್ಲಿ ವಿದ್ಯುತ್ತು ಹರಿಯಬೇಕು, ಹರಿದಾಗಲೆಲ್ಲ ಕಾವು ಹುಟ್ಟಬೇಕು. ಒಂದು ಅಕ್ಷರಕ್ಕೆ ತಗಲುವ ಕಾವು ಅತ್ಯಲ್ಪ. ದೇಶದೇಶಗಳ ದತ್ತಾಂಶ ಭಂಡಾರಗಳಲ್ಲಿ ಹಗಲಿರುಳೂ ಬರೆಯುತ್ತಿರುವ ಅಕ್ಷರಗಳ ಲೆಕ್ಕಕ್ಕೆ ಅದು ಬೆಟ್ಟವಾಗುತ್ತದೆ. ಆ ಕಾವನ್ನು ತಣಿಸಲು ಮತ್ತೆ ವಿದ್ಯುತ್ತು ಬೇಕು.

ವಿದ್ಯುತ್ತನ್ನು ಹರಿಯಿಸದೆ, ಬರಿಯ ಒತ್ತಡದಿಂದಲೇ ಕಾಂತದ ಗುರುತನ್ನು ತಿರುಗಿಸಬಹುದಾದರೆ ಈ ವೆಚ್ಚ ಬಹಳಷ್ಟು ಇಳಿದೀತು. ಕಾಂತ ಮತ್ತು ಧ್ರುವೀಕರಣಗಳ ನಂಟು ಎರಡೂ ಕಡೆಗೆ ನಡೆಯುವುದರಿಂದ, ಅಯಸ್ಕಾಂತದ ಮಾತನ್ನು ವಿದ್ಯುತ್ತು ಕೇಳುವ ಹರಳಿನಲ್ಲಿ ವಿದ್ಯುತ್ತಿನ ಮಾತನ್ನು ಅಯಸ್ಕಾಂತವೂ ಕೇಳುವ ಆಸೆಯುಂಟು. ಕಾಂತಕ್ಷೇತ್ರವನ್ನು ಅಳೆಯುವ ಸೂಕ್ಷ್ಮ ಉಪಕರಣಗಳಿಗೂ ಇಂತಹ ವಸ್ತುಗಳು ಒದಗಬಲ್ಲವು.

ಆ ಕಡೆಗೆ ಕೆಲವು ಹೆಜ್ಜೆಗಳು ಬಿದ್ದಿವೆ. ೨೦೧೦ರಲ್ಲಿ ಒಸಾಕ ವಿಶ್ವವಿದ್ಯಾಲಯದಲ್ಲಿ ಕಿಮುರ ಅವರ ಬಳಗ ಸ್ಟ್ರಾನ್ಷಿಯಂ, ಕೋಬಾಲ್ಟ್ ಮತ್ತು ಕಬ್ಬಿಣದ ಒಂದು ಆಕ್ಸೈಡಿನಲ್ಲಿ, ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿಯೇ, ಟೆಸ್ಲಾದ ನೂರರ ಕೆಲವು ಪಾಲಿನಷ್ಟು ಸಣ್ಣ ಕಾಂತಕ್ಷೇತ್ರದಿಂದಲೇ ಧ್ರುವೀಕರಣವನ್ನು ಆಳಬಹುದೆಂದು ತೋರಿಸಿತು. ಧ್ವನಿವರ್ಧಕಗಳಲ್ಲಿ ಬಳಸುವ ಫೆರೈಟ್ ಅಯಸ್ಕಾಂತದ ದೂರದ ಸಂಬಂಧಿ ಈ ವಸ್ತು. ಧ್ರುವೀಕರಣ ಸಣ್ಣದೇ, ಆದರೆ ಕೊರೆಯುವ ಚಳಿಯ ಕಟ್ಟಳೆ ಮುರಿದಿತ್ತು. ೨೦೧೪ರಲ್ಲಿ ರಮೇಶ್ ಅವರೂ ಸೇರಿದ್ದ ಒಂದು ತಂಡ ಬಿಸ್ಮತ್ ಫೆರೈಟಿನ ಮೇಲೆ ಕಾಂತಲೋಹದ ಪದರವನ್ನು ಹಾಸಿ, ಕೋಣೆಯ ಉಷ್ಣತೆಯಲ್ಲಿ ಬರಿಯ ವಿದ್ಯುತ್ ಒತ್ತಡದಿಂದ ಆ ಲೋಹದ ಕಾಂತದಿಕ್ಕನ್ನು ತಿರುಗಿಸಿತು. ಬೆಂಗಳೂರಿನ ಜಕ್ಕೂರಿನಲ್ಲಿಯೂ ಈ ಕೆಲಸ ನಡೆದಿದೆ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಹೋದ್ಯೋಗಿಗಳು ೨೦೦೫ರಲ್ಲಿ ಇಟ್ರಿಯಂ ಕ್ರೋಮೈಟ್ ಎಂಬ ವಸ್ತುವಿನಲ್ಲಿ ಕಾಂತ ಮತ್ತು ವಿದ್ಯುತ್ ಗುಣಗಳೆರಡರ ಕುರುಹನ್ನೂ ವರದಿಮಾಡಿದರು.

ಬಲ, ವಿಧೇಯತೆ, ಬೆಚ್ಚನೆಯ ಬಾಳು, ಈ ಮೂರೂ ಒಂದೇ ಹರಳಿನಲ್ಲಿ ಕೂಡಿಬರಬೇಕೆಂಬುದು ವಿಜ್ಞಾನಿಗಳ ಬ�ಯಕೆ. ಎರಡು ಸಿಕ್ಕಲ್ಲಿ ಮೂರನೆಯದು ಕೈಕೊಡುತ್ತಿದೆ. ಆದರೂ ಈ ಪ್ರಯತ್ನ ವ್ಯರ್ಥವೆಂದು ಹೇಳುವ ಧೈರ್ಯ ಇಂದು ಯಾರಿಗೂ ಇಲ್ಲ. ಕ್ಯೂರಿಯ ಊಹೆಗೆ ಹಸಿರು ಪುಡಿಯೊಂದು ಉತ್ತರ ಕೊಡಲು ಅರುವತ್ತಾರು ವರ್ಷ ಹಿಡಿಯಿತು. ಟರ್ಬಿಯಂ ಮ್ಯಾಂಗನೈಟಿನ ಗುಟ್ಟು, ಅದರ ಕಾಂತಸೂಜಿಗಳನ್ನು ಎಣಿಸಿ ನೋಡಿದ ಮೇಲೂ ಇಪ್ಪತ್ತಾರು ವರ್ಷ ಹೊರಬರಲಿಲ್ಲ. ಬೇಕಾದ ಹರಳು ಇನ್ನೂ ಯಾರೂ ಬೆಳೆಸದೆ ಇರುವಂಥದೋ, ಅಥವಾ ಯಾವುದೋ ಪ್ರಯೋಗಾಲಯದ ಬೀರುವಿನಲ್ಲಿ ಹೆಸರಿನ ಚೀಟಿ ಅಂಟಿಸಿಕೊಂಡು, ಎರಡು ತಂತಿಗಳನ್ನು ಜೋಡಿಸಿ ಅಯಸ್ಕಾಂತವನ್ನು ಹಿಡಿದು ನೋಡುವವರಿಗಾಗಿ ಕಾದು ಕುಳಿತಿದೆಯೋ!